ಹಿರಿಯ ಅಳಿಯನ ಪಥ್ಯ

ನನಗೆ ಹೊಟ್ಟೆಕಿಚ್ಚಿಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದನ್ನು ಹೇಳುವುದು ಸಲೀಸು. ಹೊಸನಗರದ ಬಸ್‌ಸ್ಟ್ಯಾಂಡಿನ ಹತ್ತಿರ ಹದಿನೆಂಟು ವರ್ಷದಿಂದ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನಾಗರಾಜಪ್ಪನೆಂಬ ನಾನು ಇನ್ನೊಬ್ಬರ ಏಳಿಗೆ ಕಂಡು ಕರುಬಿದವನಲ್ಲ. ನನ್ನ ಎದುರಿಗೇ ಇನ್ನೊಂದು ಜೆರಾಕ್ಸ್ ಅಂಗಡಿ ಬಂತು. ಅದರ ಮಷೀನು ಮೂರನೇ ದಿನಕ್ಕೆ ಕೆಟ್ಟು ಕೂತಾಗ ‘ಅಯ್ಯೋ ಪಾಪ’ ಎಂದವರಲ್ಲಿ ನಾನೇ ಮೊದಲಿಗ. ರಸ್ತೆಯಲ್ಲಿ ಹೋಗುವವರಿಗೂ ಕೇಳಿಸುವ ಹಾಗೆಯೇ ಅಂದಿದ್ದೆ.

ಆದರೆ ನ್ಯಾಯ ಅಂತ ಒಂದಿದೆಯಲ್ಲ? ಹಿರಿಯ ಅಳಿಯನಿಗೆ ಸಲ್ಲಬೇಕಾದ್ದು ಹಿರಿಯ ಅಳಿಯನಿಗೇ ಸಲ್ಲಬೇಕು.

ನನ್ನ ಮಾವ ಭೂತಪ್ಪನವರ ಮನೆ ಇರುವುದು ಮಂಡಗದ್ದೆಯ ಹತ್ತಿರ. ಹಬ್ಬದ ಮರುದಿನ ಅಲ್ಲಿ ಕಡುಬು ಮತ್ತು ನಾಟಿಕೋಳಿ ಸಾರು. ಒಂದು ಕೋಳಿಗೆ ಇರುವುದು ಒಂದೇ ಲಿವರು. ಅದು ಹಿರಿಯ ಅಳಿಯನ ಎಲೆಗೆ ಹೋಗಬೇಕು ಎನ್ನುವುದು ಆ ಮನೆಯಲ್ಲಿ ಮಾವನ ಅಜ್ಜನ ಕಾಲದಿಂದ ನಡೆದುಬಂದ ಪದ್ಧತಿ. ನನ್ನ ಅತ್ತೆ ಕೆರಿಯಮ್ಮನವರು ಅದನ್ನು ಸಾರಿಗೆ ಹಾಕುವುದಿಲ್ಲ. ಸಣ್ಣ ಬಾಣಲೆಯಲ್ಲಿ ಬೇರೆಯೇ ಇಟ್ಟು, ಕಾಳುಮೆಣಸು ಹಾಕಿ ಹುರಿದು, ಸೌಟಿನಲ್ಲಿ ಹಿಡಿದು ತರುತ್ತಾರೆ. ಸಾಲಿನಲ್ಲಿ ಕೂತವರ ಮಾತು ನಿಲ್ಲುತ್ತದೆ. ಸೌಟು ನನ್ನ ಎಲೆಯ ಮೇಲೆ ಬಾಗುತ್ತದೆ. ನಾನು ಅದನ್ನು ಕೂಡಲೇ ತಿನ್ನುವುದಿಲ್ಲ. ಎಲೆಯ ತುದಿಗೆ ಸರಿಸಿಟ್ಟು, ಕೊನೆಯ ತುತ್ತಿಗೆ ಉಳಿಸಿಕೊಳ್ಳುತ್ತೇನೆ. ಇದು ಜನ ನೋಡಲಿ ಎಂದು ಮಾಡುವುದಲ್ಲ. ನನ್ನ ಷಡ್ಡಕ ಪೂರ್ಣೇಶ ನೋಡಲಿ ಎಂದು ಮಾಡುವುದು.

ಪೂರ್ಣೇಶ ನನ್ನ ಹೆಂಡತಿ ಆಶಾಳ ತಂಗಿ ಕಾವ್ಯಾಳ ಗಂಡ. ಹೊಸನಗರದಲ್ಲೇ ಹೈಸ್ಕೂಲೊಂದರ ಗುಮಾಸ್ತ. ನನ್ನ ಮನೆಯಿಂದ ಎರಡು ಬೀದಿ ಆಚೆ ಅವನ ಮನೆ. ಒಳ್ಳೆಯವನು. ಅದೇ ಅವನ ದೊಡ್ಡ ದೋಷ.

ಕಳೆದ ವರ್ಷ ಮೇ ತಿಂಗಳಲ್ಲಿ ಅಕ್ಕ ತಂಗಿ ಇಬ್ಬರೂ ಸೇರಿ ನಮ್ಮಿಬ್ಬರ ಹೊಟ್ಟೆಗಳನ್ನು ನೋಡಿ ಏನೋ ತೀರ್ಮಾನ ಮಾಡಿಕೊಂಡು, ಸಾಗರಕ್ಕೆ ಕರೆದುಕೊಂಡು ಹೋಗಿ ಸ್ಕ್ಯಾನ್ ಮಾಡಿಸಿದರು. ಇಬ್ಬರಿಗೂ ಒಂದೇ ಫಲಿತಾಂಶ ಬಂತು. ಲಿವರಿನಲ್ಲಿ ಕೊಬ್ಬು ಕೂತಿದೆ. ವಿನಯಾ ಎಂಬ ಡಾಕ್ಟರಮ್ಮ ನಮ್ಮಿಬ್ಬರನ್ನೂ ಒಟ್ಟಿಗೇ ಕೂರಿಸಿಕೊಂಡು ಹೇಳಿದರು.

‘ದಿನಾ ಮುಕ್ಕಾಲು ಗಂಟೆ ಜೋರಾಗಿ ನಡೀರಿ. ಕಾಫಿ ಟೀಗೆ ಸಕ್ಕರೆ ಬಿಡಿ. ಬೇಕರಿ ತಿಂಡಿ, ಕರಿದದ್ದು, ಬಾಟಲಿ ಜ್ಯೂಸು ಕಡಿಮೆ ಮಾಡಿ. ಕುಡಿಯೋ ಅಭ್ಯಾಸ ಇದ್ರೆ ನಿಲ್ಸಿ. ರಾತ್ರಿ ಬೇಗ ಊಟ ಮಾಡಿ. ಯಾರೋ ಹೇಳಿದ್ರು ಅಂತ ಕಷಾಯ, ಮಾತ್ರೆ ತಗೊಳ್ಬೇಡಿ. ನಾಲ್ಕು ತಿಂಗಳು ಬಿಟ್ಟು ಬನ್ನಿ.’

ನಾನು ಚೀಟಿಗಾಗಿ ಕೈ ಚಾಚಿಕೊಂಡೇ ಕೂತಿದ್ದೆ. ‘ಮದ್ದು ಬರೀಲಿಲ್ಲ ಮೇಡಂ?’

‘ಇದೇ ಮದ್ದು.’

ಹೊಸಬರಿರಬೇಕು, ಕಲಿಯುತ್ತಾರೆ ಎಂದುಕೊಂಡು ಹೊರಬಂದೆ. ಬಸ್‌ಸ್ಟ್ಯಾಂಡಿನಲ್ಲಿ ಎರಡು ಬನ್ಸ್ ತಿಂದೆ. ಪೂರ್ಣೇಶನಿಗೂ ಕೊಡಿಸಲು ಹೋದರೆ ‘ಬೇಡ ಭಾವ’ ಎಂದ. ನನಗೆ ಅನುಮಾನ ಬರಬೇಕಾಗಿದ್ದದ್ದು ಅಲ್ಲೇ.

ಸೆಪ್ಟೆಂಬರಿನಲ್ಲಿ ಮತ್ತೆ ಹೋದೆವು. ನನ್ನ ಲಿವರು ಇದ್ದಲ್ಲೇ ಇತ್ತು, ತುಸು ಮುಂದೆಯೂ ಹೋಗಿತ್ತು. ಪೂರ್ಣೇಶನದು ನಾರ್ಮಲ್! ಡಾಕ್ಟರಮ್ಮ ಅವನ ರಿಪೋರ್ಟನ್ನು ಎತ್ತಿ ಹಿಡಿದು ನಕ್ಕರು. ನನ್ನದನ್ನು ಮಡಚಿ ಕವರಿಗೆ ಹಾಕಿದರು. ಬಸ್ಸಿನಲ್ಲಿ ಆಶಾ ನನ್ನ ಪಕ್ಕ ಕೂತು ದಾರಿಯುದ್ದಕ್ಕೂ ತಂಗಿಯ ಗಂಡನ ಹೊಟ್ಟೆಯನ್ನೇ ನೋಡುತ್ತಿದ್ದಳು.

‘ಹೆಂಗೆ ಇಳೀತು ನೋಡ್ರೀ’ ಎಂದಳು.

‘ಉಸಿರು ಹಿಡ್ಕಂಡಿದಾನೆ’ ಎಂದೆ.

ಇಷ್ಟಕ್ಕೆ ಮುಗಿದಿದ್ದರೆ ನಾನು ದೊಡ್ಡ ಮನಸ್ಸು ಮಾಡುತ್ತಿದ್ದೆ. ದೀಪಾವಳಿಯ ಮರುದಿನ ಮಾವನ ಮನೆಯಲ್ಲಿ ಎಲೆ ಹಾಕಿದರು. ಕಡುಬು ಬಂತು, ಸಾರು ಬಂತು. ಅತ್ತೆ ಸೌಟು ಹಿಡಿದು ಬಂದರು. ಮಾತು ನಿಂತಿತು. ನಾನು ಎಲೆಯ ತುದಿಯಲ್ಲಿ ಜಾಗ ಮಾಡಿದೆ. ಸೌಟು ನನ್ನ ಎಲೆಯನ್ನು ದಾಟಿತು. ದಾಟಿ, ಪಕ್ಕದ ಎಲೆಯ ಮೇಲೆ ಬಾಗಿತು.

‘ಅತ್ತೆ!’ ಎಂದೆ.

‘ಬ್ಯಾಜಾರ ಮಾಡ್ಕಬೇಡಿ ಅಳಿಯಂದ್ರೆ’ ಎಂದರು ಕೆರಿಯಮ್ಮ. ‘ನಿಮ್ಮ ಲಿವರು ಕೆಟ್ಟಿದ್ಯಂತಲ್ಲ, ಆಶಾ ಹೇಳಿದ್ಲು. ಅದ್ರ ಮೇಲೆ ಇನ್ನೊಂದು ಲಿವರು ಹಾಕಿ ಹೆಚ್ಚುಕಮ್ಮಿ ಆದ್ರೆ ನನ್ ಮಗಳ ಗತಿ ಏನು? ಸರಿಯಾಗ್ಲಿ. ಆಮೇಲೆ ನಿಮ್ದೇ.’

ಪೂರ್ಣೇಶ ಅದನ್ನು ಎಲೆಯ ತುದಿಗೆ ಸರಿಸಿಟ್ಟುಕೊಂಡ. ಕೊನೆಯ ತುತ್ತಿಗೆ! ಇಷ್ಟು ವರ್ಷ ನನ್ನನ್ನು ನೋಡಿ ಕಲಿತಿದ್ದ. ನನ್ನ ಹೊಟ್ಟೆಯಲ್ಲಿ ಉರಿ ಎದ್ದಿತು. ಅದು ಅತ್ತೆಯ ಸಾರಿನ ಖಾರದಿಂದ ಇರಬೇಕು.

ಕೈತೊಳೆಯುವಲ್ಲಿ ಅವನನ್ನು ಹಿಡಿದೆ. ‘ಪೂರ್ಣೇಶ, ನಿಜ ಹೇಳು. ಏನ್ ಮದ್ದು ತಗಂಡೆ?’

‘ಏನಿಲ್ಲ ಭಾವ.’

‘ನನ್ ಹತ್ರನಾದ್ರೂ ಹೇಳು ಮಾರಾಯ.’

‘ದೇವರಾಣೆ ಏನಿಲ್ಲ ಭಾವ. ಡಾಕ್ಟ್ರು ಹೇಳಿದಂಗೆ ನಡೆದೆ, ಸಕ್ರೆ ಬಿಟ್ಟೆ. ಅಷ್ಟೇ.’

ನಮ್ಮ ಕಡೆಯ ನಾಟಿಮದ್ದಿನ ರೀತಿ ತಿಳಿಯದವರಿಗಾಗಿ ಇಲ್ಲೊಂದು ಮಾತು ಹೇಳಬೇಕು. ಕಾಮಾಲೆಗೋ ಸರ್ಪಸುತ್ತಿಗೋ ಮದ್ದು ಕೊಡುವವರು ಬೇರಿನ ಹೆಸರು ಹೇಳುವುದಿಲ್ಲ. ತೆಗೆದುಕೊಂಡವನೂ ಬಾಯಿ ಬಿಡಬಾರದು. ಬಿಟ್ಟರೆ ಮದ್ದಿನ ಗುಣ ಹೋಗುತ್ತದೆ. ಯಾರಾದರೂ ಕೇಳಿದರೆ ‘ಏನಿಲ್ಲ’ ಎನ್ನಬೇಕು. ಆದ್ದರಿಂದ ನಮ್ಮಲ್ಲಿ ‘ಏನಿಲ್ಲ’ ಎಂದವನು ಖಂಡಿತವಾಗಿ ಏನೋ ತೆಗೆದುಕೊಂಡವನು. ಪೂರ್ಣೇಶ ಅದನ್ನು ಎರಡು ಸಲ ಹೇಳಿದ್ದ. ಎರಡನೇ ಸಲ ಆಣೆ ಬೇರೆ ಇಟ್ಟಿದ್ದ. ಅಂದರೆ ಮದ್ದು ಜೋರಿನದೇ ಇರಬೇಕು.

ಕಾವ್ಯಾಳನ್ನು ಕೇಳಿದೆ. ‘ಅವ್ರು ಏನೂ ತಗಳ್ಳಲ್ಲ ಭಾವ’ ಎಂದಳು. ಗಂಡ ಹೆಂಡತಿ ಇಬ್ಬರಿಗೂ ಒಂದೇ ಕಟ್ಟು ಹಾಕಿದ್ದಾರೆ ಎಂದು ಖಾತ್ರಿಯಾಯಿತು. ಉಗಾದಿಗೆ ಐದು ತಿಂಗಳಿತ್ತು. ಅಷ್ಟರೊಳಗೆ ಆ ಮದ್ದನ್ನು ಪತ್ತೆ ಮಾಡಿ, ಲಿವರನ್ನು ಸರಿಮಾಡಿಕೊಂಡು, ಲಿವರನ್ನು ವಾಪಸು ಪಡೆಯಬೇಕು. ಮೊದಲನೆಯದು ನನ್ನದು, ಎರಡನೆಯದು ಕೋಳಿಯದು.

ಹೊಸನಗರಕ್ಕೆ ಮರಳಿದ ಮಾರನೆಯ ದಿನ ಬೆಳಿಗ್ಗೆ ಐದೂ ಮುಕ್ಕಾಲಿಗೆ ತಲೆಗೆ ಮಫ್ಲರ್ ಸುತ್ತಿಕೊಂಡು, ಕೈಚೀಲ ಹಿಡಿದು ಅವನ ಮನೆಯ ಮೂಲೆಯಲ್ಲಿ ನಿಂತೆ. ಪೂರ್ಣೇಶ ಹೊರಬಿದ್ದ. ಮದ್ದಿನ ಗಿಡ ಹುಡುಕಲು ಹೊರಟವನ ಹಾಗೆ ಕಾಣಬಾರದೆಂದು ಬಿರುಸಾಗಿ ಕೈ ಬೀಸಿಕೊಂಡು ನಡೆಯುತ್ತಿದ್ದ. ಪೇಟೆ ದಾಟಿ, ಕೆರೆ ಏರಿಯ ಮೇಲೆ ಹೋಗಿ, ಆಚೆಯ ಗುಡ್ಡದ ಬುಡದವರೆಗೆ ಹೋಗಿ ತಿರುಗಿ ಬರುವುದು. ನಾನು ಇಬ್ಬನಿಯಲ್ಲಿ ಐವತ್ತು ಮಾರು ಹಿಂದೆ. ಏದುಸಿರು ಬಂದರೂ ಬಿಡಲಿಲ್ಲ. ಗುಡ್ಡದ ಬುಡದಲ್ಲಿ ಒಂದು ಪೊದೆಯ ಪಕ್ಕ ಅವನು ಬಗ್ಗಿದ! ಅರ್ಧ ನಿಮಿಷ ಬಗ್ಗಿಯೇ ಇದ್ದ. ಎದ್ದು ಅತ್ತಿತ್ತ ನೋಡಿ ಹೊರಟ.

ಅವನು ಮರೆಯಾಗುತ್ತಲೇ ಓಡಿಹೋಗಿ ಆ ಪೊದೆಯ ಸೊಪ್ಪನ್ನು ಚೀಲಕ್ಕೆ ತುಂಬಿದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. ಎಷ್ಟು ಎಲೆ, ಯಾವುದರಲ್ಲಿ ಅರೆಯುವುದು ಎಂಬುದು ಗೊತ್ತಾಗದ ಕಾರಣ ತಿನ್ನಲಿಲ್ಲ, ಕೂಡಿಡುತ್ತಾ ಹೋದೆ. ಎಂಟನೇ ದಿನ ಬೀಟಿನ ಫಾರೆಸ್ಟ್ ಗಾರ್ಡ್ ಅಭಿಷೇಕ ಎದುರಾದ. ನನ್ನ ಅಂಗಡಿಗೆ ಜೆರಾಕ್ಸಿಗೆ ಬರುವ ಗಿರಾಕಿ.

‘ನಾಗರಾಜಣ್ಣ, ದಿನಾ ಚೀಲ ತುಂಬ್ಕಂಡು ಹೋಗ್ತೀರಂತೆ. ಏನದು? ತೆಗೀರಿ.’

‘ಏನಿಲ್ಲ’ ಎಂದೆ. ಬಾಯಿಗೆ ತಾನಾಗಿ ಬಂತು.

ಅವನು ಚೀಲ ತೆರೆದು ಒಂದು ಎಲೆ ಹಿಸುಕಿ ಮೂಸಿ ನೋಡಿದ. ‘ಇದು ಲಂಟಾನ ಅಲ್ವಾ! ಇದನ್ನೇನ್ ಮಾಡ್ತೀರಿ?’

ಸರ್ಕಾರಿ ನೌಕರನಿಗೆ ಸುಳ್ಳು ಹೇಳುವಂತಿಲ್ಲ. ಸ್ವರ ತಗ್ಗಿಸಿ ‘ಲಿವರ್ರಿಗೆ’ ಎಂದೆ.

ಅಭಿಷೇಕ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ. ‘ಇದನ್ನ ತಿಂದ್ರೆ ದನಕ್ಕೂ ಕಾಮಾಲೆ ಬರ್ತದೆ ಮಾರಾಯ್ರೆ. ಲಿವರು ಸರಿಯಾಗಕ್ಕೋ, ಪೂರ್ತಿ ಹೋಗಕ್ಕೋ?’

‘ಹಂಗಾದ್ರೆ ಪೂರ್ಣೇಶ ಇಲ್ಲಿ ಬಗ್ಗಿದ್ದು ಯಾಕೆ?’

‘ಬೂಟಿನ ಲೇಸ್ ಕಟ್ಟಕ್ಕೆ. ದಿನಾ ಅಲ್ಲೇ ಬಿಚ್ಚತ್ತೆ ಅವ್ರ ಲೇಸು. ನಾನೇ ನೋಡಿದೀನಿ.’

ಚೀಲ ಖಾಲಿಯಾಯಿತು. ಆದರೆ ನಾನು ಸೋಲುವವನಲ್ಲ. ಪೊದೆಯಲ್ಲಿ ಮದ್ದಿಲ್ಲ ಎಂದರೆ ಬೇರೆ ಕಡೆ ಇದೆ ಎಂದೇ ಅರ್ಥ. ಹಿಂಬಾಲಿಸುವುದನ್ನು ಮುಂದುವರಿಸಿದೆ. ದಿನವೂ ಬೆಳಗ್ಗೆ ಮುಕ್ಕಾಲು ಗಂಟೆ ಇದೇ ಕೆಲಸವಾಗಿ ಬಿಟ್ಟಿತು.

ನವೆಂಬರಿನ ಕೊನೆಯ ಭಾನುವಾರ ಅವನು ಸಾಗರದ ಬಸ್ಸು ಹತ್ತಿದ. ನಾನು ಹಿಂದಿನ ಬಾಗಿಲಿನಿಂದ ಹತ್ತಿ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಕೂತೆ. ಅರ್ಧ ದಾರಿಯಲ್ಲಿ ಅವನು ಇಳಿದ. ನಾನೂ ಇಳಿದೆ. ಅಲ್ಲಿಂದ ಮೂರು ಕಿಲೋಮೀಟರು ಮಣ್ಣುರಸ್ತೆ. ಕೊನೆಯಲ್ಲಿ ಅವನು ಒಂದು ಮನೆಯನ್ನು ಹೊಕ್ಕ. ಅದು ವಿಘ್ನೇಶ್ವರ ಭಟ್ಟರ ಮನೆ! ಒಂದು ಕಾಲದಲ್ಲಿ ಮೂರು ತಾಲ್ಲೂಕಿನವರು ಕಾಮಾಲೆಗೆ ಮದ್ದು ತರುತ್ತಿದ್ದದ್ದು ಅವರ ಹತ್ತಿರವೇ. ಪೂರ್ಣೇಶ ಒಳಗೆ ಹೋಗಿ ಹತ್ತು ನಿಮಿಷಕ್ಕೆ ಹೊರಬಂದ. ಕೈಯಲ್ಲಿ ಏನೂ ಇರಲಿಲ್ಲ. ಅಂದರೆ ಅಲ್ಲೇ ಕುಡಿಸಿ ಕಳಿಸಿದ್ದಾರೆ.

ಅವನು ಹೋಗುವ ತನಕ ಹಲಸಿನ ಮರದ ಹಿಂದೆ ನಿಂತಿದ್ದು ನಾನು ಜಗಲಿ ಹತ್ತಿದೆ. ಭಟ್ಟರು ಕನ್ನಡಕ ಏರಿಸಿ ನೋಡಿದರು.

‘ಭಟ್ರೆ, ಪೂರ್ಣೇಶಂಗೆ ಕೊಟ್ಟಿದ್ದೇ ನಂಗೂ ಕೊಡಿ’ ಎಂದೆ.

‘ಅವ್ರಿಗೆ ನಾನೇನು ಕೊಟ್ಟೆ? ನಮ್ಮ ಮೊಮ್ಮಗಳ ಟಿ.ಸಿ. ತಂದುಕೊಟ್ಟು ಹೋದ್ರು, ಪಾಪ.’

‘ಆಯ್ತಾಯ್ತು, ಟಿ.ಸಿ.’ ಎಂದು ಕಣ್ಣು ಮಿಟುಕಿಸಿದೆ. ‘ನಂಗೆ ಅರ್ಥ ಆಗ್ತದೆ.’

‘ಏನು ಅರ್ಥ ಆಗ್ತದೆ? ನಾನು ಮದ್ದು ಕೊಡೋದು ಬಿಟ್ಟು ಏಳು ವರ್ಷ ಆಯ್ತು. ನನ್ನ ಲಿವರ್ರಿಗೆ ನಾನೇ ಸಾಗರದ ಡಾಕ್ಟ್ರ ಹತ್ರ ಹೋಗ್ತೀನಿ.’

‘ಹಂಗೇ ಹೇಳ್ಬೇಕು ಭಟ್ರೆ. ಹೇಳಂಗಿಲ್ವಲ್ಲ!’

ಭಟ್ಟರು ಒಂದು ನಿಟ್ಟುಸಿರು ಬಿಟ್ಟು ಒಳಗೆ ಮುಖ ಮಾಡಿ ಹೆಂಡತಿಯನ್ನು ಕರೆದರು. ‘ಮೂಕಾಂಬಿಕಾ, ಒಂದು ಲೋಟ ಮಜ್ಜಿಗೆ ತಾರೆ. ಮದ್ದು ಎಂತದೂ ಇಲ್ಲೆ ಅಂದ್ರೂ ಇವಕ್ಕೆ ಅರ್ಥ ಆಗ್ತಿಲ್ಲೆ.’

ಮಜ್ಜಿಗೆ! ಮದ್ದಿಲ್ಲ ಎಂದು ಬಾಯಲ್ಲಿ ಹೇಳಿ, ಮಜ್ಜಿಗೆಯಲ್ಲಿ ಕಲಸಿ ಕೊಡುವುದು ಹಳೆಯ ಕ್ರಮ. ಮೂಕಾಂಬಿಕಮ್ಮ ಲೋಟ ತಂದರು. ಉಪ್ಪಿರಲಿಲ್ಲ. ತಳದಲ್ಲಿ ಒಂದು ಹಸಿರು ಚೂರಿತ್ತು. ನೋಡಿದವರು ಕರಿಬೇವು ಎಂದುಕೊಳ್ಳಲಿ ಎಂದು ಹಾಗೆಯೇ ಕತ್ತರಿಸಿದ್ದರು. ಪೂರ್ವಕ್ಕೆ ಮುಖ ಮಾಡಿ ಒಂದೇ ಗುಟುಕಿಗೆ ಕುಡಿದೆ.

‘ಪಥ್ಯ ಏನು ಭಟ್ರೆ?’

ಭಟ್ಟರು ಸಾಕಾಗಿ ಹೋದವರ ಹಾಗೆ ಬೆರಳು ಮಡಚಿದರು. ‘ಸಕ್ರೆ ಬಿಡಿ. ಕರಿದಿದ್ದು ಬಿಡಿ. ಬೇಕರಿ ಕಡೆ ತಲೆ ಹಾಕ್ಬೇಡಿ. ಕುಡಿಯೋದಿದ್ರೆ ಅದೂ ಬೇಡ. ರಾತ್ರಿ ಎಂಟರೊಳಗೆ ಊಟ. ದಿನಾ ಮುಕ್ಕಾಲು ಗಂಟೆ ನಡೀರಿ. ನನಗೆ ಡಾಕ್ಟ್ರು ಹೇಳಿದ್ದು ಇಷ್ಟೇ.’

ಸಾಗರದ ಡಾಕ್ಟರಮ್ಮ ಹೇಳಿದ್ದಕ್ಕೂ ಇದಕ್ಕೂ ಏನೋ ಹೋಲಿಕೆ ಇದ್ದಂತೆ ಕಂಡಿತು. ಭಟ್ಟರ ಪಥ್ಯವನ್ನು ಅವರೂ ಎಲ್ಲೋ ಕದ್ದು ಕೇಳಿಸಿಕೊಂಡಿರಬೇಕು. ಇರಲಿ.

‘ಕೋಳಿ ತಿನ್ಬಹುದಾ ಭಟ್ರೆ?’

‘ಕೋಳಿ ಸುದ್ದಿ ನನ್ನ ಹತ್ರ ಕೇಳ್ತೀರಲ್ಲ! ರಾಮ ರಾಮ, ಬೇಡ.’

‘ಎಷ್ಟು ದಿನ?’

‘ಇದಕ್ಕೆಲ್ಲ ದಿನ ಅಂತ ಎಲ್ಲಿ ಮಾರಾಯ್ರೆ? ಬದುಕಿರೋ ತನಕ.’

ಬದುಕಿರುವ ತನಕ ಪಥ್ಯ ಕೇಳುವ ಮದ್ದೆಂದರೆ ಅದರ ಬಲ ಎಷ್ಟಿರಬೇಕು! ನಾನು ಸಾಷ್ಟಾಂಗ ಬೀಳುವುದೊಂದು ಬಾಕಿ. ಕಾಮಾಲೆಗೆ ಮದ್ದು ಮೂರು ಭಾನುವಾರ ಎನ್ನುತ್ತಾರೆ. ಇದು ಅದಕ್ಕಿಂತ ದೊಡ್ಡ ಕಾಯಿಲೆ ಎಂದು ನಾನೇ ಲೆಕ್ಕ ಹಾಕಿ ಎಲ್ಲ ಭಾನುವಾರವೂ ಹೋಗತೊಡಗಿದೆ. ಮೂರು ಕಿಲೋಮೀಟರು ನಡೆದು ಹೋಗುವುದು, ಮಾತಾಡದೆ ಮಜ್ಜಿಗೆ ಕುಡಿಯುವುದು, ಮೂರು ಕಿಲೋಮೀಟರು ನಡೆದು ಬರುವುದು. ನಾಲ್ಕನೇ ವಾರದಿಂದ ಭಟ್ಟರು ನನ್ನನ್ನು ಕಂಡ ಕೂಡಲೇ ಪೇಪರು ಎತ್ತಿ ಮುಖಕ್ಕೆ ಹಿಡಿಯುತ್ತಿದ್ದರು. ಗುಟ್ಟು ಕಾಯುವುದೆಂದರೆ ಹಾಗಿರಬೇಕು.

ಅಂಗಡಿಯ ಪಕ್ಕದ ಬೇಕರಿಯ ಗಣೇಶನಿಗೆ ನನ್ನ ಪಥ್ಯದ ಬಿಸಿ ಮೊದಲು ತಟ್ಟಿತು. ದಿನಕ್ಕೆ ಎರಡು ಪಫ್ಸು, ಒಂದು ದಿಲ್‌ಪಸಂದು, ಮೂರು ಚಾ ಎಂದು ನಿತ್ಯವಿಧಿ ನಡೆಸುತ್ತಿದ್ದವನು ಒಮ್ಮೆಲೇ ನಿಲ್ಲಿಸಿದರೆ ಯಾರಿಗಾದರೂ ಎದೆ ಒಡೆಯುತ್ತದೆ. ಎರಡು ದಿನ ಸುಮ್ಮನಿದ್ದ. ಮೂರನೇ ದಿನ ಬಂದು ನನ್ನ ಮಷೀನಿಗೆ ಒರಗಿ ನಿಂತ.

‘ಅಣ್ಣ, ನನ್ನ ಮಾಲಲ್ಲಿ ಏನ್ ಕಮ್ಮಿ ಆಯ್ತು?’

‘ಏನಿಲ್ಲ.’

‘ಮೇಲಿನ ಬೀದಿ ಹೊಸ ಬೇಕರಿಗೆ ಹೋಗ್ತಿದೀರಿ. ನಂಗೊತ್ತು.’

‘ಏನಿಲ್ಲ ಗಣೇಶ.’

‘ಅವ್ನು ಬನ್ನಿಗೆ ದ್ರಾಕ್ಷಿ ಹಾಕ್ತಾನೆ ಅಂತ ತಾನೆ? ನಾನೂ ಹಾಕ್ತೀನಣ್ಣ, ಇವತ್ತಿಂದ್ಲೇ ಹಾಕ್ತೀನಿ!’ ಅವನ ಕಣ್ಣಲ್ಲಿ ನೀರಿತ್ತು. ನಾನು ಮುಖ ತಿರುಗಿಸಿ ಯಾರದೋ ಆಧಾರ್ ಕಾರ್ಡನ್ನು ಮೂರು ಪ್ರತಿ ಹೆಚ್ಚು ತೆಗೆದೆ.

ಮನೆಯಲ್ಲಿ ಇನ್ನೂ ಕಷ್ಟ. ಸಂಜೆ ಬೋಂಡ ಕರಿದರೆ ‘ಬೇಡ’, ಒಂಬತ್ತೂವರೆಗೆ ಊಟಕ್ಕೆ ಕರೆದರೆ ‘ಎಂಟಕ್ಕೇ ಹಾಕು’. ಜೊತೆಗೆ ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಡುವುದು. ಆಶಾ ಒಂದು ತಿಂಗಳು ನೋಡಿದಳು. ಒಂದು ಭಾನುವಾರ ನಾನು ಮೆಟ್ಟಿಲು ಹತ್ತುತ್ತಿದ್ದಂತೆ ಬಾಗಿಲಿಗೆ ಅಡ್ಡ ನಿಂತು ನನ್ನ ಮುಖವನ್ನೇ ದಿಟ್ಟಿಸಿದಳು.

‘ಮೀಸೇಲೇನದು ಬೆಳ್ಳಗೆ?’

ಮುಟ್ಟಿ ನೋಡಿಕೊಂಡೆ.

‘ಮಜ್ಜಿಗೆ ಅದು. ಯಾರ ಮನೆ ಮಜ್ಜಿಗೆ?’

‘ಏನಿಲ್ಲ.’

‘ಏನಿಲ್ವಾ? ಹದಿನೆಂಟು ವರ್ಷದಿಂದ ದಿನಾ ಕಡೆದು ಕೊಡ್ತಿದೀನಲ್ಲ, ನನ್ ಮಜ್ಜಿಗೆಗೆ ಏನ್ ಬಂದಿತ್ತು ರೋಗ? ಬಸ್ಸು ಹತ್ತಿ ಹೋಗಿ ಕುಡಿಯೋವಂಥ ಮಜ್ಜಿಗೆ ಯಾವಳ ಕೈದು?’

ಕಾಲು ಕೆಜಿ ಚಿನ್ನ ಕದ್ದು ಸಿಕ್ಕಿಬಿದ್ದಿದ್ದರೂ ನಾನು ಅಷ್ಟು ಕುಗ್ಗುತ್ತಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಮದ್ದು ಹೋಯಿತು, ಮದ್ದು ಹೋದರೆ ಉಗಾದಿ ಹೋಯಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ಮಜ್ಜಿಗೆಯ ಅಬ್ಬರ ಶುರುವಾಯಿತು. ಶುಂಠಿ ಹಾಕಿದ್ದು, ಇಂಗಿನ ಒಗ್ಗರಣೆಯದ್ದು, ಸೂಜಿಮೆಣಸು ಜಜ್ಜಿದ್ದು. ಪ್ರತಿ ಲೋಟದ ಜೊತೆಗೂ 'ಈಗ ಹೇಳಿ, ಯಾರದು ಚೆನ್ನಾಗಿದೆ?' ಎಂಬ ಪ್ರಶ್ನೆ. ಅವಳಿಗೆ ಇಷ್ಟೊಂದು ಹೊಟ್ಟೆಕಿಚ್ಚು ಎಲ್ಲಿಂದ ಬಂತೋ ತಿಳಿಯದು. ನಮ್ಮ ಮನೆತನದಲ್ಲಿ ಆ ಗುಣವಿಲ್ಲ.

ಮಾರ್ಚಿನಲ್ಲಿ ಒಬ್ಬನೇ ಸಾಗರಕ್ಕೆ ಹೋಗಿ ಸ್ಕ್ಯಾನ್ ಮಾಡಿಸಿದೆ. ಡಾಕ್ಟರಮ್ಮ ಪರದೆಯನ್ನು ಎರಡು ಸಲ ನೋಡಿದರು.

‘ನಾಗರಾಜಪ್ಪನವರೇ, ನಿಮ್ದು ನಾರ್ಮಲ್ ಬಂದಿದೆ! ಏನು ಮಾಡಿದ್ರಿ?’

‘ಏನಿಲ್ಲ ಮೇಡಂ.’

‘ನಡೆದ್ರಾ?’

‘ಒಬ್ಬರ ಹಿಂದೆ ಓಡಾಡೋ ಕೆಲಸ ಇತ್ತು.’

‘ಸಕ್ಕರೆ, ಬೇಕರಿ ಬಿಟ್ರಾ?’

‘ಬಿಟ್ಟೆ. ಆದ್ರೆ ಅದು ಬೇರೆ ಕಾರಣಕ್ಕೆ.’

‘ಕಾರಣ ಯಾವುದು ಅಂತ ಲಿವರ್ರಿಗೆ ಗೊತ್ತಾಗಲ್ಲ. ಹೀಗೇ ಮುಂದುವರಿಸಿ’ ಎಂದು ನಕ್ಕರು. ಆಮೇಲೆ ಹುಬ್ಬು ಗಂಟಿಕ್ಕಿ, ‘ಸೊಪ್ಪುಗಿಪ್ಪು, ನಾಟಿಮದ್ದು ಏನೂ ತಗೊಂಡಿಲ್ಲ ತಾನೆ?’ ಎಂದರು.

ನಾನು ಮೇಲೆ ತಿರುಗುತ್ತಿದ್ದ ಫ್ಯಾನು ನೋಡಿದೆ. ಪಾಪ, ಬುದ್ಧಿವಂತೆ. ಆದರೆ ಅವರಿಗೆ ಎಲ್ಲವನ್ನೂ ಹೇಳಲಾಗುತ್ತದೆಯೇ?

ರಿಪೋರ್ಟನ್ನು ಆಶಾಳ ಮುಂದೆ ಇಟ್ಟಾಗ ಅವಳು ಅರ್ಧ ಖುಷಿಪಟ್ಟಳು. ಇನ್ನರ್ಧವನ್ನು ಮಜ್ಜಿಗೆಯ ಒಡತಿ ಸಿಗುವ ತನಕ ಕಾಯ್ದಿರಿಸಿದಳು. ಅಷ್ಟರಲ್ಲಿ ಸುದ್ದಿ ಎರಡು ಬೀದಿ ದಾಟಿ ಪೂರ್ಣೇಶನಿಗೆ ಮುಟ್ಟಿತ್ತು. ಸಂಜೆಯೇ ಬಂದ.

‘ಭಾವ, ನಾರ್ಮಲ್ ಬಂತಂತೆ. ಏನ್ ಮಾಡಿದ್ರಿ?’

‘ಏನಿಲ್ಲ’ ಎಂದೆ, ತುಂಬ ನಿಧಾನವಾಗಿ.

ದೀಪಾವಳಿಯ ಮರುದಿನ ಕೈತೊಳೆಯುವಲ್ಲಿ ನನ್ನ ಮುಖ ಹೇಗಿತ್ತೋ ಈಗ ಅವನದು ಹಾಗೇ ಇತ್ತು. ನನಗೆ ಆವತ್ತು ರಾತ್ರಿ ಒಳ್ಳೆಯ ನಿದ್ರೆ ಬಂತು.

ಉಗಾದಿ ಬಂತು. ತೀರ್ಥಹಳ್ಳಿಯಲ್ಲಿ ಬಸ್ಸು ಬದಲಾಯಿಸಿ ಮಾವನ ಮನೆ ಸೇರಿದೆವು. ರಿಪೋರ್ಟು ನನ್ನ ಜೇಬಿನಲ್ಲೇ ಇತ್ತು. ಕಾಗದದ ತುದಿ ಹೊರಗೆ ಕಾಣುವ ಹಾಗೆ ಇಟ್ಟುಕೊಂಡಿದ್ದೆ. ಮರುದಿನ ಎಲೆ ಹಾಕಿದರು. ಒಳಗಿನಿಂದ ಕಾಳುಮೆಣಸಿನಲ್ಲಿ ಹುರಿಯುವ ವಾಸನೆ ಬಂತು. ಐದು ತಿಂಗಳು ಇಬ್ಬನಿಯಲ್ಲಿ ನಡೆದದ್ದು, ಬೇಕರಿಯವನ ಕಣ್ಣೀರು, ಹೆಂಡತಿಯ ಅನುಮಾನ ಎಲ್ಲವೂ ಆ ವಾಸನೆಯಲ್ಲಿ ಸಾರ್ಥಕವಾದಂತೆ ತೋರಿತು.

ಅತ್ತೆ ಸೌಟು ಹಿಡಿದು ಬಂದರು. ಮಾತು ನಿಂತಿತು. ಸೌಟು ನನ್ನ ಎಲೆಯ ಮುಂದೆಯೇ ನಿಂತಿತು!

‘ಹಿರೇ ಅಳಿಯಂದ್ರೆ, ದೀಪಾವಳೀಲಿ ನಿಮ್ಮನ್ನ ದಾಟಿ ಹೋದೆ ಅಂತ ನಂಗೂ ಸಂಕಟ ಆಗಿತ್ತು. ಈಗ ಸರಿಯಾಯ್ತಲ್ಲ. ತಗಳಿ, ನಿಮ್ದು ನಿಮ್ಗೆ.’

ಎಲೆಯ ತುದಿಯಲ್ಲಿ ಜಾಗ ಮಾಡಲು ಕೈ ಚಾಚಿದೆ. ಚಾಚಿದ ಕೈ ಅಲ್ಲೇ ನಿಂತಿತು. ಭಟ್ಟರ ಜಗಲಿ ಕಣ್ಣೆದುರು ಬಂತು. ‘ರಾಮ ರಾಮ, ಬೇಡ. ಬದುಕಿರೋ ತನಕ.’

ಅಯ್ಯೋ ನನ್ನ ಕರ್ಮವೇ! ನಾಲ್ಕು ತಿಂಗಳಿಂದ ಲಿವರಿಗಾಗಿ ಪಥ್ಯ ಮಾಡಿದವನಿಗೆ ಪಥ್ಯದೊಳಗೇ ಲಿವರು ಸೇರಿದೆ ಎಂಬುದು ಈಗ ಹೊಳೆಯಿತು. ತಿಂದರೆ ಮದ್ದು ಹೋಗುತ್ತದೆ, ಮುಂದಿನ ಹಬ್ಬಕ್ಕೆ ಸೌಟು ಮತ್ತೆ ನನ್ನನ್ನು ದಾಟುತ್ತದೆ.

‘ಬೇಡ ಅತ್ತೆ’ ಎಂದೆ.

ಆಶಾ ಸಾರಿನ ಪಾತ್ರೆ ಹಿಡಿದವಳು ಹಾಗೇ ನಿಂತಳು. ಮಾವ ಕಿವಿಗೆ ಕೈ ಇಟ್ಟುಕೊಂಡು ‘ಏನಂದ್ರು?’ ಎಂದು ಕೇಳಿದರು. ಕಾವ್ಯಾ ಬಾಯಿ ಮೇಲೆ ಸೆರಗು ಒತ್ತಿಕೊಂಡಳು.

‘ಯಾಕ್ ಬೇಡ? ಸಿಟ್ಟಾ?’ ಎಂದರು ಅತ್ತೆ.

‘ಏನಿಲ್ಲ.’

ಪಕ್ಕದಲ್ಲಿ ಪೂರ್ಣೇಶನ ಕಡುಬು ಕೈಯಿಂದ ಜಾರಿತು. ಅವನು ನನ್ನನ್ನೇ ನೋಡುತ್ತಿದ್ದ. ಹದಿನೆಂಟು ವರ್ಷ ಕಾದು ಕಾದು ತಿಂದದ್ದನ್ನು ಬೇಡ ಎನ್ನುವಂತೆ ಮಾಡುವ ಪಥ್ಯ ಎಂಥದ್ದು, ಅದರ ಹಿಂದಿನ ಮದ್ದು ಎಂಥದ್ದು ಎಂದು ಅವನ ಕಣ್ಣೇ ಕೇಳುತ್ತಿತ್ತು. ಅತ್ತೆ ಸೌಟನ್ನು ಅವನ ಕಡೆ ತಿರುಗಿಸಿದರು. ಅವನು ಎರಡೂ ಕೈಯಿಂದ ಎಲೆ ಮುಚ್ಚಿಕೊಂಡ.

‘ನಂಗೂ ಬೇಡ ಅತ್ತೆ.’

‘ನಿಮ್ಗ್ಯಾಕ್ ಬೇಡ?’

‘ಏನಿಲ್ಲ’ ಎಂದ ಪೂರ್ಣೇಶ, ನನಗೆ ಕೇಳಿಸುವ ಹಾಗೆ.

ಸೌಟು ನಡುವೆಯೇ ನಿಂತಿತು. ಅತ್ತೆ ಮಾವನ ಕಡೆ ನೋಡಿದರು. ಭೂತಪ್ಪ ಮಾವ ನೆಟ್ಟಗೆ ಕೂತು ‘ನಾನು ಈ ಮನೆ ಮಗ. ಅಳಿಯ ಅಲ್ಲ. ಪದ್ಧತಿ ಅಂದ್ರೆ ಪದ್ಧತಿ’ ಎಂದರು.

ಕೆರಿಯಮ್ಮನವರು ಸೌಟನ್ನು ನೋಡಿದರು, ನಮ್ಮನ್ನು ನೋಡಿದರು, ಮತ್ತೆ ಸೌಟನ್ನು ನೋಡಿದರು. ಆಮೇಲೆ ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು, ಉಫ್ ಎಂದು ಊದಿ, ಅದನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. ಅಗಿಯುತ್ತಾ ಕಣ್ಣು ಮುಚ್ಚಿದರು.

‘ಈ ಮನೆಗೆ ಬಂದು ನಲವತ್ತೆರಡು ವರ್ಷ ಆಯ್ತು’ ಎಂದರು, ಕಣ್ಣು ಮುಚ್ಚಿಕೊಂಡೇ. ‘ಮೊದ್ಲು ಇವ್ರ ಭಾವನಿಗೆ ಹುರಿದೆ, ಆಮೇಲೆ ನಿಮ್ಗೆ ಹುರಿದೆ. ಇಷ್ಟು ರುಚಿ ಇರ್ತದೆ ಅಂತ ಒಬ್ರಾದ್ರೂ ಹೇಳಿದ್ರಾ?’

ನಾವಿಬ್ಬರೂ ಎಲೆ ಮಡಚಿ ಎದ್ದೆವು. ಹಿತ್ತಲಿನಲ್ಲಿ ಕೈತೊಳೆಯುವಾಗ ಪೂರ್ಣೇಶ ನನ್ನ ಹತ್ತಿರ ಸರಿದ. ಅವನ ಮುಖ ಸಣ್ಣದಾಗಿತ್ತು.

‘ಭಾವ, ನಿಜ ಹೇಳ್ತೀನಿ. ನಂಗೆ ಪಥ್ಯಗಿಥ್ಯ ಏನೂ ಇಲ್ಲ. ನೀವು ಬೇಡ ಅಂದ್ರಲ್ಲ, ನಂಗೆ ತಡ್ಕಳಕ್ಕೆ ಆಗ್ಲಿಲ್ಲ. ನಿಮ್ಗೆ ಮದ್ದು ಕೊಟ್ಟಿದ್ದು ಯಾರು? ಹೇಳಿ ಭಾವ. ವಿಘ್ನೇಶ್ವರ ಭಟ್ರಂತೂ ಕೊಡೋದು ಬಿಟ್ಟಿದಾರೆ. ಮೊನ್ನೆ ಸ್ಕೂಲಿಗೆ ಬಂದಾಗ ಹೇಳ್ತಿದ್ರು, ಯಾರೋ ಒಬ್ಬ ಅರೆಹುಚ್ಚ ಪ್ರತಿ ಭಾನುವಾರ ಬರ್ತಾನಂತೆ. ಏನಿಲ್ಲ ಮಾರಾಯ ಅಂದ್ರೂ ಕೇಳ್ದೆ, ಪೂರ್ವಕ್ಕೆ ತಿರುಗಿ ನಿಂತು, ಬರೀ ಮಜ್ಜಿಗೆ ಕುಡ್ದು ಎದ್ದು ಹೋಗ್ತಾನಂತೆ!’

ನಾನು ಚೊಂಬು ಕೆಳಗಿಟ್ಟೆ. ‘ಬರೀ ಮಜ್ಜಿಗೆಯಾ?’

‘ಹೂಂ, ಒಂದು ಎಲೆ ಕರಿಬೇವು ಹಾಕಿ.’

‘ಯಾರಂತೆ ಅವ್ನು?’

‘ಹೆಸ್ರು ಹೇಳ್ಲಿಲ್ಲ ಭಟ್ರು. ಹೇಳಿದ್ರೆ ಮದ್ದಿನ ಗುಣ ಹೋಗ್ತದೆ ಅಂತ ನಗಾಡಿದ್ರು.’

ನಾನು ತಿರುಗಿ ಅಡಿಗೆಮನೆಯ ಕಡೆ ನೋಡಿದೆ. ಹೊಸ್ತಿಲ ಮೇಲೆ ಅತ್ತೆ ಇನ್ನೂ ಕೂತಿದ್ದರು. ಸೌಟಿನ ತಳದಲ್ಲಿ ಉಳಿದ ಮಸಾಲೆಯನ್ನು ಬೆರಳಿನಿಂದ ತೆಗೆದು ನೆಕ್ಕುತ್ತಿದ್ದರು. ನನಗೆ ಹೊಟ್ಟೆಕಿಚ್ಚಿಲ್ಲ ಎಂದು ಮೊದಲೇ ಹೇಳಿದ್ದೆನಲ್ಲ, ಆ ಮಾತನ್ನು ಇಲ್ಲಿಗೆ ವಾಪಸು ತೆಗೆದುಕೊಳ್ಳುತ್ತೇನೆ.

ಪಥ್ಯ ಮುಗಿಯಿತು ಎಂದು ಹೇಳಿಬಿಡೋಣ, ದೀಪಾವಳಿಗಾದರೂ ಸಿಗಲಿ ಎಂದು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆಯೇ ಅಲ್ಲಿಂದ ಕೂಗಿ ಹೇಳಿದರು. ಇಷ್ಟು ವರ್ಷದಲ್ಲಿ ಅವರು ನಮ್ಮಿಬ್ಬರ ಆರೋಗ್ಯದ ಬಗ್ಗೆ ಅಷ್ಟು ಅಕ್ಕರೆಯಿಂದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

‘ಅಳಿಯಂದ್ರೆ, ಇಬ್ರಿಗೂ ಹೇಳ್ತಿದೀನಿ. ಯಾರು ಏನೇ ಹೇಳ್ಲಿ, ಪಥ್ಯ ಮಾತ್ರ ಬಿಡಬೇಡಿ!’